ಗವಿ ಮಡುವಿನ ದಾರಿ

ಮೊನ್ನೆ ರಕ್ತದೊತ್ತಡದ ಗುಳಿಗೆ ತರಲೆಂದು ನಾನೂ ನನ್ನ ಹೆಂಡತಿಯೂ ಬಾಗಲಕೋಟೆಯ ಹಳೇ ಪೇಟೆಗೆ ಹೋಗಿದ್ದೆವು. ರಸ್ತೆ ಅಗೆದಿದ್ದರಿಂದ ಆಟೋದವನು ನಮ್ಮನ್ನು ಬೇರೆಲ್ಲೋ ಇಳಿಸಿದ. ಅಲ್ಲಿಂದ ಔಷಧದ ಅಂಗಡಿಗೆ ಹೋಗಬೇಕಾದರೆ ಮೀನು ಮಾರುವವರ ಸಾಲನ್ನು ದಾಟಬೇಕು. ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಚಪ್ಪಲಿಗೆ ನೀರು ತಾಗದಂತೆ ಹೆಜ್ಜೆ ಎತ್ತಿ ಎತ್ತಿ ಇಟ್ಟು ದಾಟಿದಳು. ನಾನು ನಿಂತುಬಿಟ್ಟೆ. ಐಸಿನ ಪೆಟ್ಟಿಗೆಯಿಂದ ಬರುವ ಸಮುದ್ರದ ಮೀನಿನ ವಾಸನೆ ನನಗೆ ಏನೂ ಅಲ್ಲ. ಆದರೆ ಸಾಲಿನ ಕೊನೆಯಲ್ಲಿ ಒಬ್ಬ ಮುದುಕಿ ಒದ್ದೆ ಗೋಣಿಚೀಲದ ಮೇಲೆ ಆಗಷ್ಟೇ ಹೊಳೆಯಿಂದ ಬಂದ ನಾಲ್ಕು ಮೀನು ಹರವಿಕೊಂಡು ಕೂತಿದ್ದಳು. ಕೆಸರು, ಪಾಚಿ, ನೆನೆದ ಬೇರು ಎಲ್ಲ ಸೇರಿದ ಆ ತಣ್ಣನೆಯ ವಾಸನೆ ಮೂಗಿಗಲ್ಲ, ನೇರ ಎದೆಗೇ ಬಡಿಯಿತು.

"ತಗೊಳ್ಳಾವರೇನ್ರಿ ಯಜಮಾನ್ರ?" ಎಂದಳು ಮುದುಕಿ.

"ಅಲ್ಲೇನು ನೋಡಾಕತ್ತೀರಿ? ಬರ್ರಿ ಲಗೂನ" ಎಂದಳು ಆ ಕಡೆಯಿಂದ ಹೆಂಡತಿ.

ನನ್ನ ಹಣೆಯ ವಿಭೂತಿ ನೋಡಿಯೂ ಆ ಮುದುಕಿ ನನ್ನನ್ನು ಕೇಳಿದ್ದಳಲ್ಲ, ಅದೇ ಆಶ್ಚರ್ಯ. ಮೀನು ತಿನ್ನುವುದಿರಲಿ, ಊಟದ ಹೊತ್ತಿಗೆ ಅದರ ಹೆಸರನ್ನೂ ಎತ್ತದ ಮನೆಯಲ್ಲಿ ಹುಟ್ಟಿದವನು ನಾನು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಇಂಥವನು ಒಂದು ಕಾಲದಲ್ಲಿ ಶನಿವಾರ ಬಂತೆಂದರೆ ಗಾಳ ಹಿಡಿದು ಮುಳ್ಳುಕಂಟಿಯೊಳಗೆ ನುಗ್ಗಿ, ಮೀನು ಇರುವ ಗುಟ್ಟಿನ ಜಾಗಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದ ಎಂದರೆ ನಿಮಗೆ ನಗು ಬಂದೀತು. ನಗಿರಿ. ಮೊದಲ ಅರ್ಧ ನಗುವಂಥದ್ದೇ ಆಗಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ಹುನಗುಂದ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಒಂದು ಊರಿನ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಹೋದೆ. ಊರಿನ ಹೆಸರು ಬೇಡ. ಇನ್ನೂ ಮದುವೆಯಾಗಿರಲಿಲ್ಲ. ನೀಲವ್ವ ಎಂಬ ವಿಧವೆಯ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಗೋಡೆಯ ಆಚೆ ದಾವಲಸಾಬನ ಮನೆ. ಬೆಳಗಿನ ಜಾವಕ್ಕೆ ಅವನ ಕುಣಿ ಮಗ್ಗ ಶುರುವಾದರೆ ನನಗೆ ಎಚ್ಚರ. ಇಳಕಲ್ ಸೀರೆ ನೇಯುವವನು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹಾಸಿನ ಎಳೆಗಳೊಳಗೆ ಲಾಳಿ ಹಾರಿಸುತ್ತ ದಿನವಿಡೀ ತನ್ನಷ್ಟಕ್ಕೇ ಗುನುಗುತ್ತಿದ್ದ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು. ತೆಳ್ಳಗಿನ ಆಳು, ಉದ್ದ ಬೆರಳು, ಮಾತಿಗಿಂತ ಕಣ್ಣಲ್ಲಿ ಹೆಚ್ಚು ನಗುವವನು.

ಒಂದು ದಿನ ಅವನು ಕಟ್ಟೆಯ ಮೇಲೆ ಕೂತು ರೇಷ್ಮೆಯ ಎಳೆಗಳನ್ನು ಮೂರು ಮೂರು ಸೇರಿಸಿ ಹೊಸೆಯುತ್ತ, ಜೇನುಮೇಣ ತೀಡುತ್ತಿದ್ದ. ಸೀರೆಯ ಯಾವ ಭಾಗಕ್ಕೆ ಇದು ಎಂದು ಕೇಳಿದೆ.

"ಇದು ಹೆಣ್ಣಮಕ್ಕಳ ಸೀರಿಗಲ್ರಿ ಮಾಸ್ತರ, ಮೀನಕ್ಕ" ಎಂದ. "ರೇಶಿಮಿ ಎಳಿ ನೀರಾಗ ಕಾಣಸೂದಿಲ್ಲ, ಹರಿಯೂದೂ ಇಲ್ಲ. ಬರ್ತೀರೇನು ಶನಿವಾರ?"

ಬರುವುದಿಲ್ಲ ಎನ್ನಬೇಕಿತ್ತು. ಆದರೆ ಆ ಊರಿನಲ್ಲಿ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಸೋಮವಾರದ ತನಕ ನನ್ನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ನೋಡಿಬರಲೆಂದು ಹೋದೆ. ಹೋದವನು ಆರು ವರ್ಷ ಹೋದೆ.

ನನ್ನ ಮೊದಲ ಬೇಟೆ ನನ್ನದೇ ಧೋತರ. ಗಾಳ ಬೀಸಿದ ರಭಸಕ್ಕೆ ಕೊಕ್ಕೆ ಹಿಂದೆ ಸಿಕ್ಕಿಕೊಂಡು, ಬಿಡಿಸಲು ದಾವಲಸಾಬ ನನ್ನನ್ನು ಬಂಡೆಯ ಮೇಲೆ ಬೋರಲು ಮಲಗಿಸಬೇಕಾಯಿತು. ಎರೆಹುಳು ಮುಟ್ಟಲು ಕೈ ಬರಲಿಲ್ಲ; ಜೋಳದ ಹಿಟ್ಟಿನ ಉಂಡೆಯೇ ಸಾಕೆಂದೆ. ಸಿಕ್ಕ ಮೀನನ್ನು ನಾನು ತಿನ್ನುವಂತಿಲ್ಲ, ಹಿಡಿದುಕೊಂಡು ಬರುವಂತೆಯೂ ಇಲ್ಲ. ಎಲ್ಲವೂ ದಾವಲಸಾಬನ ಬುಟ್ಟಿಗೆ. ಊರಿಗೆ ನಾನು ಹೇಳಿದ್ದು ಬೇರೆ: ಮಾಸ್ತರು ಮಕ್ಕಳಿಗೆ ತೋರಿಸಲು ಗಿಡಗಂಟಿಯ ಮಾದರಿ ತರುತ್ತಾರೆ ಎಂದು. ಅದಕ್ಕಾಗಿ ಒಂದು ತಗಡಿನ ಡಬ್ಬಿಯನ್ನೂ ಹೆಗಲಿಗೆ ತೂಗಿಕೊಳ್ಳುತ್ತಿದ್ದೆ. ಒಂದು ಸಂಜೆ ನೀಲವ್ವ ಅಂಗಳದಲ್ಲಿ ನನ್ನನ್ನು ತಡೆದು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಮಾಸ್ತರ, ನೀವು ತರೂ ಗಿಡಗೋಳು ಭಾಳ ನಾರ್ತಾವ ನೋಡ್ರಿ. ಖೋಲಿಗೆ ಹೋಗೂಕ್ಕಿಂತ ಮೊದಲ ಬಾವ್ಯಾಗಿನ ನೀರು ಸುರಕೊಳ್ರಿ" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಪಾಪ, ಯಾರಿಗೂ ಹೇಳಲಿಲ್ಲ.

ಮೀನು ಹಿಡಿಯುವುದಕ್ಕಿಂತ ಮೀನಿನ ಜಾಗ ಹುಡುಕುವುದರಲ್ಲೇ ನನಗೆ ಹುಚ್ಚು ಹಿಡಿಯಿತು. ಬೇಸಿಗೆಯಲ್ಲಿ ಹೊಳೆ ಬತ್ತಿ ಬರೀ ಮರಳು ಉಳಿದಾಗಲೂ ಕೆಲವು ಕಡೆ ಆಳದಲ್ಲಿ ನೀರು ನಿಲ್ಲುತ್ತದೆ. ಅದಕ್ಕೆ ಮಡು ಎನ್ನುತ್ತಾರೆ. ಊರವರಿಗೆಲ್ಲ ಗೊತ್ತಿರುವ ಮಡುಗಳಲ್ಲಿ ಎಮ್ಮೆ ಮೈ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ. ಅಲ್ಲಿ ದೊಡ್ಡ ಮೀನು ನಿಲ್ಲುವುದಿಲ್ಲ. ನಿಲ್ಲುವುದು ಯಾರೂ ಹೋಗದ ಕಡೆ: ಜಾಲಿ, ಕಾರೆ, ಈಚಲು ಹೆಣೆದುಕೊಂಡು ಬೆಳೆದ ದಂಡೆಗಳಲ್ಲಿ, ಹೊಳೆಮತ್ತಿಯ ಬೇರು ನೀರಿಗಿಳಿದ ನೆರಳಿನಲ್ಲಿ. ದಾವಲಸಾಬ ನನಗೆ ಅವನ್ನು ಓದಲು ಕಲಿಸಿದ. ಮಿಂಚುಳ್ಳಿ ಯಾವ ಕೊಂಬೆಗೆ ಮತ್ತೆ ಮತ್ತೆ ಬಂದು ಕೂಡುತ್ತದೆ ನೋಡು ಎನ್ನುತ್ತಿದ್ದ. ಹರಿವಿನ ಸದ್ದು ಕೇಳುತ್ತ ನಡೆ, ಸದ್ದು ಒಮ್ಮೆಲೇ ಅಡಗಿದ ಕಡೆ ನಿಲ್ಲು ಎನ್ನುತ್ತಿದ್ದ. ಮಗ್ಗದಲ್ಲಿ ಒಂದು ಎಳೆ ಸಡಿಲಾದರೂ ಬೆರಳಿಗೆ ತಿಳಿಯುವ ಮನುಷ್ಯ. ನೀರಿನೊಳಗಿನ ದಾರವೂ ಅವನಿಗೆ ಹಾಗೇ ಮಾತಾಡುತ್ತಿತ್ತು. ಸೈಕಲ್ಲು ಕಂಟಿಯಲ್ಲಿ ಮುಚ್ಚಿಟ್ಟು, ಮುಳ್ಳು ಗೀರಿಸಿಕೊಂಡು, ಮೈಲುಗಟ್ಟಲೆ ನಡೆದು ನಾವು ಏಳು ಮಡು ಹುಡುಕಿದೆವು. ಒಂದೊಂದಕ್ಕೂ ಹೆಸರಿಟ್ಟೆವು. ನನ್ನ ಧೋತರ ಹರಿದದ್ದಕ್ಕೆ ಅವನು ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಎಂಟನೆಯದನ್ನು ನಾವು ಹುಡುಕಲಿಲ್ಲ. ಅದನ್ನು ತೋರಿಸಿದವನು ಅಂಬಿಗರ ಯಂಕಪ್ಪ.

ಯಂಕಪ್ಪ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದ. ಅವನೂ ದಾವಲಸಾಬನೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು, ಒಂದೇ ದಿನ ಈಜು ಕಲಿತವರು. ದಾವಲಸಾಬ ಹರಿಗೋಲು ಹತ್ತಿದರೆ ಯಂಕಪ್ಪ ಹುಟ್ಟನ್ನು ಅವನ ಕೈಗೇ ಕೊಟ್ಟು ತಾನು ಬೀಡಿ ಹಚ್ಚಿ ಕೂಡುತ್ತಿದ್ದ. ಅವನ ಮಗಳು ಮಲ್ಲವ್ವ ನನ್ನ ವರ್ಗದಲ್ಲಿ ಓದುತ್ತಿದ್ದಳು. ಅಂಬಿಗರ ಮನೆಗಳಿಂದ ಹೈಸ್ಕೂಲಿಗೆ ಬಂದ ಮೊದಲ ಹುಡುಗಿ. ಆ ಕಾರಣಕ್ಕೆ ಯಂಕಪ್ಪನಿಗೆ ನನ್ನ ಮೇಲೆ ನನಗೇ ನಾಚಿಕೆಯಾಗುವಷ್ಟು ಗೌರವ.

ಒಂದು ಭಾನುವಾರ ಅವನು ನಮ್ಮಿಬ್ಬರನ್ನೂ ಆಚೆ ದಂಡೆಗೆ ಇಳಿಸಿ, ತಾನೂ ಇಳಿದು ಹರಿಗೋಲನ್ನು ಮಗುಚಿಟ್ಟು, "ಬರ್ರಿ" ಎಂದ. ಬಾದಾಮಿಯ ಗುಡ್ಡಗಳ ಕಡೆಯಿಂದ ಬರುವ ಒಂದು ಹಳ್ಳ ಅಲ್ಲಿ ಹೊಳೆಗೆ ಕೂಡುತ್ತದೆ. ಅದರ ಬಾಯಿಗೆ ಎಷ್ಟು ಕಂಟಿ ಬೆಳೆದಿತ್ತೆಂದರೆ ನಾವು ಹತ್ತಾರು ಸಲ ಅದರ ಮುಂದೆಯೇ ಹಾದುಹೋಗಿದ್ದರೂ ಹಳ್ಳವಿದೆಯೆಂದೇ ತಿಳಿದಿರಲಿಲ್ಲ. ಕುಕ್ಕರಗಾಲಲ್ಲಿ ನುಸುಳಿ ಒಳಗೆ ಹೋದೆವು. ಎರಡೂ ಕಡೆ ಕೆಂಪು ಬಂಡೆ ಏರುತ್ತ ಹೋಯಿತು. ಕೊನೆಗೆ ಒಂದು ದೊಡ್ಡ ಬಂಡೆ ಛಾವಣಿಯಂತೆ ಮುಂದಕ್ಕೆ ಚಾಚಿತ್ತು; ಅದರ ಕೆಳಗೆ ಕಪ್ಪನೆಯ ನಿಂತ ನೀರು. ಬಿಸಿಲಿನ ಒಂದು ಗೆರೆ ಎಲ್ಲಿಂದಲೋ ಒಳಗೆ ಬಿದ್ದು ಬಂಡೆಯ ಹೊಟ್ಟೆಯ ಮೇಲೆ ನೀರಿನ ನೆರಳು ಆಡುತ್ತಿತ್ತು.

"ಗವಿ ಮಡು" ಎಂದ ಯಂಕಪ್ಪ, ಮೆಲ್ಲಗೆ. "ನಮ್ಮಪ್ಪ ನನಗ ತೋರಿಸಿದ್ದ. ಮೊದಲ ಮಳಿಗೆ ಹೊಳ್ಯಾಗಿನ ಮೀನ ಇಲ್ಲೇ ಏರಿ ಬಂದು ತತ್ತಿ ಇಡ್ತಾವ. ಇಲ್ಲಿ ಬಲಿ ಬೀಸಬಾರದು. ಗಾಳ ಹಾಕಿದ್ರ ಒಂದೋ ಎರಡೋ, ಸಾಕು. ದಾವಲ, ನೀ ಯಾರಿಗೂ ಹೇಳಬ್ಯಾಡ. ಮಾಸ್ತರ, ನಿಮಗ ಹೇಳೂದ ಬ್ಯಾಡ, ನೀವು ಓದಿದವರು."

ಆ ಮಡುವಿನಲ್ಲಿ ಒಂದು ಬಾಳೆ ಮೀನಿತ್ತು. ಹುರುಪೆಯಿಲ್ಲದ ನುಣುಪು ಮೈ, ಅಗಲ ಬಾಯಿ, ಎರಡು ಉದ್ದ ಮೀಸೆ. ಮರುವರ್ಷ ಅದು ನನ್ನ ಗಾಳಕ್ಕೇ ಸಿಕ್ಕಿತು. ಅರ್ಧ ಗಂಟೆ ನನ್ನನ್ನು ಬಂಡೆಯ ಮೇಲೆ ಕುಣಿಸಿ, ದಣಿದು, ದಂಡೆಯ ಹತ್ತಿರ ಬಂದು ಹೊರಳಿದಾಗ ನೋಡಿದೆ: ನನ್ನ ಹೆಗಲಿಗಿಂತ ಎತ್ತರವಿತ್ತು. ದಾವಲಸಾಬ ನೀರಿಗಿಳಿದು ಒಂದು ಕೈಯಿಂದ ಅದರ ತಲೆ ಸವರಿ, ಇನ್ನೊಂದು ಕೈಯಿಂದ ಕೊಕ್ಕೆ ಬಿಡಿಸಿಬಿಟ್ಟ.

"ಯಾಕ್ರಿ?" ಎಂದು ಕೂಗಿದೆ.

"ಇದು ಈ ಮನಿ ಯಜಮಾನ ಐತ್ರಿ ಮಾಸ್ತರ. ನಾವು ಬೀಗರ ಮನಿಗೆ ಬಂದಾವ್ರು. ಯಜಮಾನನ್ನ ಎತಗೊಂಡು ಹೋಗೂದು ಚಂದ ಕಾಣಸ್ತೈತೇನು?"

ನನಗೆ ಆಗ ಬೇಸರವಾಗಿದ್ದು ನಿಜ. ನಾನು ತಿನ್ನುವವನಲ್ಲ, ಆದರೂ ಯಾರಾದರೂ ನೋಡಬೇಕಿತ್ತು, ನಾನು ಹಿಡಿದದ್ದನ್ನು ಯಾರಿಗಾದರೂ ಹೇಳಬೇಕಿತ್ತು. ಆ ಆಸೆ ನನ್ನೊಳಗೆ ಉಳಿದುಕೊಂಡಿತು. ಮುಂದಾದದ್ದಕ್ಕೆಲ್ಲ ಅದೇ ಮೂಲ.

ಒಂದು ಬೇಸಿಗೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಇಳಕಲ್ಲಿಗೆ ಹಾಕಿದರು. ಖಾನಾವಳಿಯಲ್ಲಿ ದಿನಾ ನನ್ನ ಎದುರಿಗೆ ಒಬ್ಬ ಊಟಕ್ಕೆ ಕೂಡುತ್ತಿದ್ದ. ಅಲ್ಲೆಲ್ಲೋ ಹೊಸದಾಗಿ ತೆಗೆದ ಕಲ್ಲಿನ ಗಣಿಯಲ್ಲಿ ಮೇಲ್ವಿಚಾರಕ, ದಕ್ಷಿಣದ ಕಡೆಯವನು, ಜೀಪು ಇಟ್ಟುಕೊಂಡಿದ್ದ. ಬಿಳಿ ಬೂಟು, ಒಳ್ಳೆಯ ಮಾತುಗಾರ. ನನ್ನಂಥ ಹಳ್ಳಿ ಮಾಸ್ತರನ ಮಾತನ್ನು ತುತ್ತು ನಿಲ್ಲಿಸಿ ಕೇಳುತ್ತಿದ್ದ. ನನಗೆ ಅದೇ ಸಾಕಾಗಿತ್ತು. ಮೂರನೆಯ ದಿನ ಮಾತು ಮೀನಿನ ಕಡೆ ಹೊರಳಿತು. ತಾನು ತುಂಗಭದ್ರೆಯಲ್ಲಿ ಹಿಡಿದ ಮೀನುಗಳ ಕತೆ ಹೇಳಿದ. ಆಮೇಲೆ ನಕ್ಕು, "ನಿಮ್ಮ ಹೊಳೇಲಿ ಏನಿದೆ ಮೇಷ್ಟ್ರೇ, ಕಪ್ಪೆ ಬಿಟ್ಟರೆ?" ಎಂದ.

ನಾನು ಹೇಳಿದೆ. ನನ್ನ ಹೆಗಲಿಗಿಂತ ಎತ್ತರದ ಮೀನಿನ ಕತೆ ಹೇಳಿದೆ. ಅವನು ನಂಬಲಿಲ್ಲ, ಅಥವಾ ನಂಬದವನಂತೆ ನಟಿಸಿದ. ನಾನು ಒಂದು ಕಾಗದ ತೆಗೆದು, ವಿಜ್ಞಾನದ ಮಾಸ್ತರನಿಗೆ ತಕ್ಕ ಅಚ್ಚುಕಟ್ಟಿನಲ್ಲಿ ಹೊಳೆ ಬರೆದೆ, ಕಡವು ಬರೆದೆ, ಹಳ್ಳದ ಬಾಯಿ ಬರೆದೆ, ಗವಿಯ ಜಾಗಕ್ಕೆ ಒಂದು ಸೊನ್ನೆ ಸುತ್ತಿದೆ. ದಿಕ್ಕು ತಿಳಿಯಲೆಂದು ಮೂಲೆಯಲ್ಲಿ ಬಾಣವನ್ನೂ ಹಾಕಿದೆ. "ಗಾಳ ತಗೊಂಡು ಒಮ್ಮಿ ಬರ್ರಿ, ನಾನೇ ಕರಕೊಂಡು ಹೋಗ್ತೇನಿ" ಎಂದೆ. ಅವನು ಕಾಗದವನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಕೊಟ್ಟ ಮರುಗಳಿಗೆಯೇ ಕೊಡಬಾರದಿತ್ತು ಅನಿಸಿತು. ಕಾಗದ ತಿರುಗಿ ಕೇಳಬಹುದಿತ್ತು. ಸಂಕೋಚವಾಯಿತು. ಎಂಥ ಕೆಲಸಕ್ಕೆ ಸಂಕೋಚ ಬರುತ್ತದೆ, ಎಂಥದಕ್ಕೆ ಬರುವುದಿಲ್ಲ ನೋಡಿ.

ನಾನು ಊರಿಗೆ ಮರಳಿದ ಮುಂದಿನ ವಾರ ನಾನೂ ದಾವಲಸಾಬನೂ ಗವಿ ಮಡುವಿಗೆ ಹೋದೆವು. ಹಳ್ಳದ ಬಾಯಿಯ ಕಂಟಿಯನ್ನು ಯಾರೋ ಕಡಿದು ದಾರಿ ಮಾಡಿದ್ದರು. ದಾವಲಸಾಬ ಅಲ್ಲೇ ನಿಂತ. ಒಳಗಿನಿಂದ ವಾಸನೆ ಬರುತ್ತಿತ್ತು. ನಾವು ಓಡಿದೆವು.

ಬಂಡೆ ಸಿಡಿಸುವ ಮದ್ದನ್ನು ನೀರಿಗೆ ಎಸೆದಿದ್ದರು. ಬಂಡೆಯ ಛಾವಣಿಯಿಂದ ಚಕ್ಕೆಗಳು ಕಳಚಿ ನೀರಿಗೆ ಬಿದ್ದಿದ್ದವು. ದೊಡ್ಡ ಮೀನುಗಳನ್ನು ಒಯ್ದು ಸಣ್ಣವನ್ನು ಬಿಟ್ಟುಹೋಗಿದ್ದರು. ಬೆರಳುದ್ದದವು, ಉಗುರುದ್ದದವು, ನೀರು ಕಾಣದಷ್ಟು, ಬಿಳಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದು ನೊಣದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದಾವಲಸಾಬ ಕುತ್ತಿಗೆಮಟ್ಟ ನೀರಿನಲ್ಲಿ ಗವಿಯ ಒಳಮೂಲೆಗೆ ಹೋದ. ಬಹಳ ಹೊತ್ತಿನ ಮೇಲೆ ಯಜಮಾನನನ್ನು ಎರಡೂ ತೋಳಿನಲ್ಲಿ ಹೊತ್ತುಕೊಂಡು ಬಂದ. ಕಲ್ಲಿನ ಸಂದಿನಲ್ಲಿ ಸಿಕ್ಕಿತ್ತಂತೆ, ಅವರಿಗೆ ಎಟುಕಿರಲಿಲ್ಲ. ಮರಳಿನಲ್ಲಿ ಕೈಯಿಂದಲೇ ಗುಂಡಿ ತೋಡತೊಡಗಿದ. ನಾನೂ ತೋಡಿದೆ. ಮಣ್ಣು ಮುಚ್ಚಿದ ಮೇಲೆ ಅವನು ನನ್ನ ಮುಖ ನೋಡಿದ.

"ಮೂರು ಮಂದಿಗೆ ಗೊತ್ತಿತ್ರಿ ಇದು. ಮಾಸ್ತರ, ನೀವು ಯಾರ ಮುಂದರ ಹೇಳಿದ್ರೇನು?"

"ಇಲ್ರಿ" ಎಂದೆ. "ಯಾರ ಮುಂದೂ ಹೇಳಿಲ್ಲ."

ಅಷ್ಟೇ. ಎರಡು ಮಾತು. ಯೋಚಿಸಿ ಹೇಳಿದ್ದಲ್ಲ, ಬಿಸಿ ತಾಗಿದ ಕೈ ಹಿಂದಕ್ಕೆ ಬರುವಷ್ಟು ಬೇಗ ಬಂದುಬಿಟ್ಟಿತು. ದಾವಲಸಾಬ ತಲೆಯಾಡಿಸಿದ. ನನ್ನ ಮಾತಿನಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಹಾಗಾದರೆ ಉಳಿದವನು ಒಬ್ಬನೇ ಎಂದು ಅವನು ಲೆಕ್ಕ ಹಾಕುವುದನ್ನು ನಾನು ಕಣ್ಣಾರೆ ನೋಡಿದೆ.

ಕಡವಿನಲ್ಲಿ ಯಂಕಪ್ಪ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದ. ದಾವಲಸಾಬ ಒದ್ದೆ ಬಟ್ಟೆಯಲ್ಲೇ ಅವನ ಮುಂದೆ ನಿಂತ.

"ಯಾರಿಗೆ ಹೇಳಿದ್ಯೋ ಯಂಕಪ್ಪ?"

"ಏನು?"

"ಗವಿ ಮಡು ಸಿಡಿಸಿ ಹಾಕ್ಯಾರ. ಯಾರಿಗೆ ತೋರಿಸಿದಿ?"

ಯಂಕಪ್ಪ ಎದ್ದು ನಿಂತ. ಅವನ ಕಣ್ಣು ದಾವಲಸಾಬನನ್ನು ದಾಟಿ ಹಿಂದೆ ನಿಂತಿದ್ದ ನನ್ನ ಮೇಲೆ ಬಂತು. ಅಲ್ಲೇ ಒಂದಿಷ್ಟು ಹೊತ್ತು ನಿಂತಿತು.

"ನಾ ಯಾರಿಗೂ ತೋರಿಸಿಲ್ಲ, ದಾವಲ."

"ಹಂಗಾದ್ರ ಮಾಸ್ತರ ತೋರಿಸ್ಯಾರೇನು? ಸಾಲಿ ಕಲಿಸಾವ್ರು ಸುಳ್ಳ ಹೇಳ್ತಾರೇನು?"

ಯಂಕಪ್ಪ ಬಗ್ಗಿ ಡಾಂಬರಿನ ಕುಂಚ ಎತ್ತಿಕೊಂಡ. ಆಗ ನಾನು ಬಾಯಿ ತೆರೆದೆ. ಹೇಳಲಿಕ್ಕೇ ತೆರೆದದ್ದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬಂದ ಮಾತು, "ಹೋಗಲಿ ಬಿಡ್ರಿ ದಾವಲಸಾಬ್ರ, ಆಗಿದ್ದು ಆಗಿ ಹೋತು." ಆ ಮಾತಿನ ಧಾಟಿ ಕೇಳಿದರೆ ಯಂಕಪ್ಪನ ತಪ್ಪನ್ನು ನಾನು ಕ್ಷಮಿಸುತ್ತಿದ್ದೇನೆ ಎಂದೇ ಯಾರಿಗಾದರೂ ಅನಿಸಬೇಕು.

ಆ ದಿನದಿಂದ ದಾವಲಸಾಬ ಯಂಕಪ್ಪನ ಹರಿಗೋಲು ಹತ್ತಲಿಲ್ಲ. ಹೊಳೆಯಾಚೆಯ ಊರುಗಳಿಗೆ ಸೀರೆ ಒಯ್ಯುವುದಿದ್ದರೆ ಅರ್ಧ ದಿನ ಸುತ್ತು ಬಳಸಿ ಹೋಗುತ್ತಿದ್ದ. ಗಾಳ ಹಿಡಿಯುವುದನ್ನೂ ಬಿಟ್ಟ. ಎರಡೂ ಮನೆಯ ಹೆಂಗಸರು ಹಿಟ್ಟು ಉಪ್ಪು ಕೊಟ್ಟು ತೆಗೆದುಕೊಳ್ಳುವುದು ನಿಂತಿತು. ನಾನು ವರ್ಗದಲ್ಲಿ ಪಾಠ ಮಾಡುತ್ತಲೇ ಇದ್ದೆ. ಮಲ್ಲವ್ವ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಲೇ ಇದ್ದಳು.

ಮರುವರ್ಷ ನನಗೆ ಬಾದಾಮಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಆಚೆ ದಂಡೆಯ ಊರಿನಲ್ಲಿ ಕೆಲವರಿಗೆ ಹೇಳಿಬರಲು ಯಂಕಪ್ಪನ ಹರಿಗೋಲಿನಲ್ಲಿ ಕೂತೆ. ನಾವಿಬ್ಬರೇ. ನಡು ಹೊಳೆಯಲ್ಲಿ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಮಾಸ್ತರ, ಒಂದು ಮಾತು. ಜೀಪಿನವರು ಆವತ್ತ ನನ್ನ ಹತ್ರ ಬಂದು ದಾರಿ ಕೇಳಿದ್ರು. ಸಾಲಿ ಮಾಸ್ತರ ಬರದು ಕೊಟ್ಟಾರ ಅಂತ ಕಾಗದ ತೋರಿಸಿದ್ರು. ನಾ ಬ್ಯಾರೆ ಕಡಿ ಕೈ ಮಾಡಿದೆ. ಅವರು ಕಾಗದ ನೋಡಕೋಂತ ಹೋದ್ರು."

ಹರಿಗೋಲು ಹರಿವಿಗೆ ಸಿಕ್ಕು ಮೆಲ್ಲಗೆ ತಿರುಗುತ್ತಿತ್ತು. ನನಗೆ ನೋಡಲು ಒಂದು ಕಡೆಯೂ ಉಳಿಯಲಿಲ್ಲ.

"ಮತ್ತ ನೀ ದಾವಲಸಾಬ್ರಿಗೆ ಯಾಕ ಹೇಳಲಿಲ್ಲ?"

"ನನ್ನ ಮಗಳು ನಿಮ್ಮ ವರ್ಗದಾಗ ಕುಂದರ್ತಾಳ್ರಿ. ಮನ್ಯಾಗ ದೀಪದ ಮುಂದ ಕುಂತು, ನಮ್ಮ ಸರ್ ಹಿಂಗ ಅಂದ್ರು, ನಮ್ಮ ಸರ್ ಹಂಗ ಅಂದ್ರು ಅಂತಾಳ. ಊರಾಗ ಗದ್ಲ ಆದ್ರ ಆಕಿ ಕಿವಿಗೂ ಬೀಳ್ತೈತಿ. ಬ್ಯಾಡ ಅನಿಸ್ತು." ಮತ್ತೆ ಹುಟ್ಟು ಹಾಕತೊಡಗಿದ. "ಈಗ ನೀವು ಹೊಂಟೀರಿ. ಹೋಗೂಕ್ಕಿಂತ ಮೊದಲ ನೀವ ಒಂದು ಮಾತು ದಾವಲಗ ಹೇಳ್ರಿ. ಬ್ಯಾರೆ ಏನೂ ಬ್ಯಾಡ ನನಗ."

"ಇವತ್ತ ಸಂಜಿಕ ಹೇಳ್ತೇನಿ" ಎಂದೆ.

ಸಂಜೆ ದಾವಲಸಾಬನ ಮನೆಗೆ ಹೋದೆ. ಅವನ ಹೆಂಡತಿ ನನಗಾಗಿ ಬೇರೆ ಪಾತ್ರೆಯಲ್ಲಿ ಶಾವಿಗೆಯ ಪಾಯಸ ಮಾಡಿಟ್ಟಿದ್ದಳು. ಅವನು ನನ್ನ ಕೈ ಹಿಡಿದುಕೊಂಡು, "ನಿಮ್ಮಂಥ ಮನಷ್ಯಾ ಮತ್ತ ಬಾಜೂಕ ಬರೂದಿಲ್ರಿ" ಎಂದ. ನಾನು ಪಾಯಸ ತಿಂದು, ಕಣ್ಣೊರೆಸಿಕೊಂಡು ಬಂದೆ. ಬಾದಾಮಿಯಿಂದ ಪತ್ರ ಬರೆದರಾಯಿತು ಎಂದುಕೊಂಡೆ. ಮಾಸ್ತರನಿಗೆ ಬರೆಯುವುದು ಸುಲಭವಲ್ಲವೇ? ಎಷ್ಟೋ ಸಲ ಶುರುಮಾಡಿದೆ. ಕುಶಲ ಕೇಳಿದ ಮೇಲೆ ಪೆನ್ನು ನಿಲ್ಲುತ್ತಿತ್ತು.

ಮದುವೆಯಾಯಿತು, ಮಕ್ಕಳಾದವು. ಎಂಬತ್ತರ ದಶಕದ ನಡುವೆ ಒಂದು ದಿನ ಬಸ್ಸಿನಲ್ಲಿ ನೀಲವ್ವ ಸಿಕ್ಕಳು. ಗುಳೇದಗುಡ್ಡದ ಮಗಳ ಮನೆಗೆ ಹೊರಟಿದ್ದಳು. ಊರ ಸುದ್ದಿಯೆಲ್ಲ ಹೇಳುತ್ತ, "ಅಂಬಿಗರ ಯಂಕಪ್ಪ ಹೋದನಲ್ರಿ. ಕಾಮಣಿ ಆಗಿ ಕಣ್ಣೆಲ್ಲಾ ಹಳದಿ ಆಗಿದ್ದುವು. ದಾವಲಸಾಬ ಮಣ್ಣಿಗೂ ಬರಲಿಲ್ಲ ನೋಡ್ರಿ. ಏನು ಹಟವೋ ಏನೋ, ಜೋಡಿಲೆ ಬೆಳದವರು" ಎಂದಳು.

ಮರುದಿನವೇ ಹೋದೆ. ದಾವಲಸಾಬ ಮಗ್ಗದಲ್ಲಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮುಖ ಅರಳಿತು. ಕೂಡುವ ಮೊದಲೇ ಹೇಳಿದೆ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಇಳಕಲ್ಲಿನ ಖಾನಾವಳಿಯಿಂದ ಹಿಡಿದು ನಡು ಹೊಳೆಯ ಮಾತಿನ ತನಕ ಒಂದೂ ಬಿಡದೆ ಹೇಳಿದೆ. ಅವನ ಕೈಯಲ್ಲಿ ಲಾಳಿ ಹಾಗೇ ನಿಂತಿತ್ತು.

"ಯಂಕಪ್ಪಗ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಬೈಗಳ ತಿಂದ?"

ಅವನು ಬಹಳ ಹೊತ್ತು ಹಾಸಿನ ಎಳೆಗಳನ್ನೇ ನೋಡಿದ.

"ಈಗ ಯಾಕ ಹೇಳಿದ್ರಿ ಮಾಸ್ತರ? ಅಂವಾ ಇದ್ದಾಗ ಹೇಳಿದ್ರ ಓಡಿ ಹೋಗಿ ಕಾಲು ಹಿಡೀತಿದ್ದೆ. ಹೇಳದ ಇದ್ರ ಅವನ ಮ್ಯಾಲಿನ ಸಿಟ್ಟರ ಉಳೀತಿತ್ತು. ಈಗ ನಂಗ ಏನು ಉಳೀತು?"

ಆಮೇಲೆ ಹೆಂಡತಿಯನ್ನು ಕೂಗಿ, "ಮಾಸ್ತರಿಗೆ ಚಹಾ ಕೊಡು" ಎಂದ. ನಾನು ಚಹಾ ಕುಡಿದು ಮುಗಿಸುವ ತನಕ ಲಾಳಿ ಹಾರಲಿಲ್ಲ. ಹೊರಟಾಗ ಎದ್ದು ಬಾಗಿಲ ತನಕ ಬರಲಿಲ್ಲ. ಅದೇ ಕೊನೆ. ಅವನು ತೀರಿಕೊಂಡದ್ದು ನನಗೆ ಎಷ್ಟೋ ತಡವಾಗಿ ತಿಳಿಯಿತು. ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದೇನೆ, ಇನ್ನು ನನ್ನ ಪಾಲಿನದೇನೂ ಬಾಕಿಯಿಲ್ಲ ಎಂದುಕೊಂಡು ಇಷ್ಟು ವರ್ಷ ಉಂಡು ಮಲಗಿದೆ.

ಗುಳಿಗೆ ತಂದ ರಾತ್ರಿ ಊಟ ಸೇರಲಿಲ್ಲ. ಎರಡು ದಿನ ತಡೆದು, ಮೂರನೆಯ ದಿನ ಬಸ್ಸು ಹತ್ತಿದೆ. ಹೊಳೆಗೆ ಸೇತುವೆಯಾಗಿದೆ, ಕಡವು ಎಲ್ಲಿತ್ತೆಂದು ಗುರುತು ಸಿಗಲಿಲ್ಲ. ಮಲ್ಲವ್ವನ ಮನೆ ಕೇಳಿಕೊಂಡು ಹೋದೆ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದಾಳೆ, ತಲೆ ನರೆತಿದೆ. ನನ್ನ ದನಿಯಿಂದಲೇ ಗುರುತು ಹಿಡಿದಳು.

"ಮಲ್ಲವ್ವ, ನಿಮ್ಮಪ್ಪನ ವಿಷಯದಾಗ ನಾ ಒಂದು ತಪ್ಪು ಮಾಡೀನಿ" ಎಂದು ಶುರುಮಾಡಿದೆ.

"ಗವಿ ಮಡೂದಲ್ರಿ ಸರ್?" ಎಂದಳು. "ನನಗ ಗೊತ್ತೈತಿ. ಜೀಪಿನವರು ಅಪ್ಪನ ಕೂಡ ಮಾತಾಡೂ ಮುಂದ ನಾ ಗಿಡದ ಹಿಂದ ಒಗದ ಅರಬಿ ಹಿಂಡಾಕತ್ತಿದ್ದೆ. ಅಪ್ಪಗ ಅದು ಗೊತ್ತಿರಲಿಲ್ಲ."

ಅಂದರೆ ಆ ವರ್ಷ ಪೂರ್ತಿ, ಮುಂದಿನ ಸಾಲಿನಲ್ಲಿ ಕೂತು, ಅವಳಿಗೆ ಗೊತ್ತಿತ್ತು.

"ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ನಿಮ್ಮ ಮಾರಿ ನೋಡ್ತಿದ್ದೆ ಸರ್. ಅಪ್ಪ ನನ್ನ ಸಲವಾಗಿ ಮುಚ್ಚಿಟ್ಟಿದ್ದ. ಅದನ್ನ ನಾ ಹೆಂಗ ತೆಗೀಲಿ?"

"ದಾವಲಸಾಬ್ರಿಗೆ ನಾ ಆಮ್ಯಾಲೆ ಎಲ್ಲಾ ಹೇಳಿದೆ" ಎಂದೆ. ಎಷ್ಟು ಹೀನವಾಗಿ ಕೇಳಿಸಿತು ಆ ಮಾತು, ನನಗೇ.

ಅವಳು ಬೆರಗಾಗಿ ನೋಡಿದಳು. "ಹೌದಾ? ಅದಕ್ಕ... ದಾವಲಕಾಕಾ ಒಮ್ಮಿ ಅಪ್ಪನ್ನ ಮಣ್ಣ ಕೊಟ್ಟ ಜಾಗದಾಗ ಒಬ್ಬನ ಕುಂತಿದ್ದ. ನಾ ಹತ್ರ ಹೋದ್ರ ಎದ್ದು ಹ್ವಾದ. ಮನಿಗೆ ಮಾತ್ರ ಬರಲೇ ಇಲ್ರಿ. ಅವನ ಮಗ ಇಮಾಮ ಇವತ್ತಿಗೂ ಎದರಿಗೆ ಬಂದ್ರ ಮಾರಿ ತಿರುವ್ತಾನ. ಅಪ್ಪ ಮಾತು ತಪ್ಪಿದಾಂವ ಅಂತ ಅವರ ಮನ್ಯಾಗ ಇನ್ನೂ ಅಂತಾರ."

ಆಗ ತಿಳಿಯಿತು. ದಾವಲಸಾಬ ನಾನು ಹೇಳಿದ್ದನ್ನು ಯಾರ ಮುಂದೆಯೂ, ಹೊಟ್ಟೆಯ ಮಗನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಯಂಕಪ್ಪನಂತೆ ಅವನೂ ಮಾಸ್ತರನ ಮರ್ಯಾದೆಯನ್ನು ಮುಚ್ಚಿಟ್ಟುಕೊಂಡೇ ಹೋಗಿದ್ದ. ಇಬ್ಬರು ಕಟ್ಟಿಕೊಟ್ಟ ಮರ್ಯಾದೆಯ ಮೇಲೆ ಕೂತು ನಾನು ಮಕ್ಕಳಿಗೆ ಸತ್ಯ ಕಲಿಸಿದ್ದೆ.

"ಮಲ್ಲವ್ವ, ನನ್ನ ಕ್ಷಮಿಸು" ಎಂದೆ.

"ನನ್ನ ಯಾಕ ಕೇಳ್ತೀರಿ ಸರ್? ನನ್ನ ಕೂಡ ಬರ್ರಿ."

ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದಳು. ದಾವಲಸಾಬನ ಮನೆ ಅದೇ ಮನೆ. ಮಗ್ಗದ ಕುಣಿಯನ್ನು ಮುಚ್ಚಿ ಫರಸಿ ಕಲ್ಲು ಹಾಸಿದ್ದಾರೆ, ಇಮಾಮ ಅಲ್ಲೇ ಸೀರೆಯ ಅಂಗಡಿ ಇಟ್ಟಿದ್ದಾನೆ. ಮಲ್ಲವ್ವ ಹೊಸ್ತಿಲ ಹೊರಗೆ ನಿಂತಳು. ನಾನು ಒಳಗೆ ಹೋಗಿ, ನಾನು ಯಾರೆಂದು ಹೇಳಿ, ನಿಂತೇ ಎಲ್ಲವನ್ನೂ ಹೇಳಿದೆ. ಅಂಗಡಿಗೆ ಬಂದಿದ್ದ ಇಬ್ಬರು ಹೆಂಗಸರೂ ಕೇಳಿಸಿಕೊಂಡರು. ಕೇಳಲಿ ಎಂದೇ ದನಿ ಎತ್ತಿ ಹೇಳಿದೆ.

ಇಮಾಮ ಕೈಯಲ್ಲಿದ್ದ ಸೀರೆಯನ್ನು ಮಡಿಚಿ ಕೆಳಗಿಟ್ಟ. ನನ್ನನ್ನು ಏನಾದರೂ ಅನ್ನಬಹುದೆಂದು ಕಾದೆ. ಅವನು ನನ್ನನ್ನು ಬಳಸಿಕೊಂಡು ಬಾಗಿಲಿಗೆ ಹೋದ.

"ಮಲ್ಲಕ್ಕಾ, ಬಿಸಿಲಾಗ ಯಾಕ ನಿಂತಿ? ಒಳಗ ಬಾ" ಎಂದ.

ಅವಳು ಬಂದಳು. ಒಳಗಿನಿಂದ ಇಮಾಮನ ಹೆಂಡತಿ ಚಾಪೆ ತಂದು ಹಾಸಿದಳು. ಮಲ್ಲವ್ವ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಮಾಮ ಅವಳ ಪಕ್ಕದಲ್ಲಿ ಕೂತು, "ಅಳಬ್ಯಾಡ ಅಕ್ಕಾ, ಅಪ್ಪ ಒಮ್ಮಿನೂ ಹೇಳಲಿಲ್ಲ, ನಮಗ್ಯಾರಿಗೂ ಹೇಳಲಿಲ್ಲ" ಎನ್ನುತ್ತಿದ್ದ. ಅವರಿಬ್ಬರೂ ನನ್ನ ಕಡೆ ನೋಡಲಿಲ್ಲ. ಕೂಡಿರಿ ಎಂದು ಯಾರೂ ಅನ್ನಲಿಲ್ಲ. ನಾನು ಗೋಡೆಗೆ ಒರಗಿ, ನಿಂತೇ ಇದ್ದೆ.